ಅರ್ಧ ರಸ್ತೆ ಹಾಕಲಾಗದು

ಕಾಡಿನಲ್ಲಿ ಮರ ಕಡಿಯುವುದು ದೊಡ್ಡ ಮಾತಲ್ಲ. ಕಡಿದ ದಿಮ್ಮಿಯನ್ನು ಊರಿಗೆ ತರುವುದು ದೊಡ್ಡ ಮಾತು. ಗುಡ್ಡದ ನೆತ್ತಿಯ ಮೇಲೆ ಉರುಳಿಬಿದ್ದ ಮರಕ್ಕೆ ಅಲ್ಲಿ ಬೆಲೆಯಿಲ್ಲ. ಅದನ್ನು ಕೂಪಿನಿಂದ ಎಳೆದು, ಲಾರಿಗೆ ಏರಿಸಿ, ಡಿಪೋಗೋ ಸಾಮಿಲ್ಲಿಗೋ ಮುಟ್ಟಿಸಿದ ಮೇಲಷ್ಟೇ ಅದಕ್ಕೆ ಕಾಸು. ಆದ್ದರಿಂದ ಕಾಡಿನ ಯೋಜನೆ ಮಾಡುವವರ ಮುಂದೆ ಎಂದಿಗೂ ಎರಡು ಪ್ರಶ್ನೆಗಳಿರುತ್ತವೆ. ಯಾವ ಮರವನ್ನು ಯಾವ ವರ್ಷ ಕಡಿಯಬೇಕು? ಅದನ್ನು ಯಾವ ದಾರಿಯಲ್ಲಿ ಸಾಗಿಸಬೇಕು?

ಇಂದು ಅಮೆರಿಕ, ಸ್ವೀಡನ್, ಫಿನ್ಲೆಂಡ್, ಚಿಲಿ ಮೊದಲಾದ ದೇಶಗಳಲ್ಲಿ ಈ ಪ್ರಶ್ನೆಗಳನ್ನು ಕಂಪ್ಯೂಟರ್ ತಂತ್ರಾಂಶದ ಮುಂದೆ ಇಡುತ್ತಾರೆ. ಗುಡ್ಡದ ಎತ್ತರ, ಇಳಿಜಾರು, ಮರಗಳ ವಯಸ್ಸು, ಹಳ್ಳಗಳು, ಲಾರಿಯ ಬಾಡಿಗೆ ಎಲ್ಲವನ್ನೂ ಉಣಿಸಿದರೆ ಐವತ್ತು ವರ್ಷಗಳ ಕಡಿತದ ಪಟ್ಟಿಯನ್ನೂ ರಸ್ತೆಯ ನಕ್ಷೆಯನ್ನೂ ಅದು ಕೊಡುತ್ತದೆ. ಈ ವಿದ್ಯೆಗೆ ಇನ್ನೂ ಅರವತ್ತು ವರ್ಷ ತುಂಬಿಲ್ಲ. ಅಷ್ಟರಲ್ಲೇ ಅದು ಒಂದು ದೊಡ್ಡ ದೇಶದ ಅರಣ್ಯ ಇಲಾಖೆಯ ಜೊತೆಗೆ ನ್ಯಾಯಾಲಯದ ಮೆಟ್ಟಿಲನ್ನೂ ನೋಡಿ ಬಂದಿದೆ. ಹಾಗೆಂದು ಕಂಪ್ಯೂಟರ್ ಕೂಡಿಸಿ ಕಳೆಯುವುದರಲ್ಲಿ ತಪ್ಪಿರಲಿಲ್ಲ. ಅದಕ್ಕೆ ಕೊಟ್ಟ ಕೋಷ್ಟಕದಲ್ಲಿ ಏನಿತ್ತು, ಏನಿರಲಿಲ್ಲ ಎಂಬುದರಲ್ಲಿ ಎಲ್ಲವೂ ಅಡಗಿತ್ತು.

ನಾಲ್ಕು ಕೋಲುಗಳ ಗಣತಿ

ಕಾಡನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದವರಲ್ಲಿ ಜರ್ಮನರು ಮೊದಲಿಗರು. ಸ್ಯಾಕ್ಸನಿಯ ಫ್ರೈಬರ್ಗ್‌ನಲ್ಲಿ ಗಣಿಗಳ ಆಡಳಿತ ನೋಡಿಕೊಳ್ಳುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್, ಬೆಳ್ಳಿಯ ಅದಿರು ಕರಗಿಸಲು ಬೇಕಾದ ಸೌದೆ ಬರಿದಾಗುತ್ತಿರುವುದನ್ನು ಕಂಡು 1713ರಲ್ಲಿ ಒಂದು ದೊಡ್ಡ ಗ್ರಂಥ ಬರೆದ. ಬೆಳೆದಷ್ಟನ್ನೇ ಕಡಿಯಬೇಕು ಎಂಬುದು ಅದರ ಸಾರ. ಮುಂದೆ ಹಾರ್ಟಿಗ್ ಮತ್ತು ಕೋಟಾ ಎಂಬ ಅರಣ್ಯ ತಜ್ಞರು ಇದನ್ನು ಶಾಸ್ತ್ರವಾಗಿ ಬೆಳೆಸಿದರು. ಮರ ಬಲಿಯಲು ನೂರು ವರ್ಷ ಬೇಕಾದರೆ ಕಾಡನ್ನು ನೂರು ಪಾಲು ಮಾಡಿ. ವರ್ಷಕ್ಕೊಂದು ಪಾಲು ಕಡಿಯಿರಿ. ಕಡಿದಲ್ಲಿ ಮತ್ತೆ ನೆಡಿ. ಕೊನೆಯ ಪಾಲು ಮುಗಿಯುವಾಗ ಮೊದಲನೆಯದು ಮತ್ತೆ ಬಲಿತಿರುತ್ತದೆ. 1849ರಲ್ಲಿ ಮಾರ್ಟಿನ್ ಫೌಸ್ಟ್‌ಮನ್ ಎಂಬಾತ ಬಡ್ಡಿಯ ಲೆಕ್ಕವನ್ನೂ ಸೇರಿಸಿ, ಮರ ಬೆಳೆಸಿದ ನೆಲದ ಬೆಲೆ ಕಟ್ಟುವ ಸೂತ್ರ ಕೊಟ್ಟ. ಅದನ್ನು ಇಂದಿಗೂ ಅರಣ್ಯ ಕಾಲೇಜುಗಳಲ್ಲಿ ಕಲಿಸುತ್ತಾರೆ.

ಭಾರತಕ್ಕೆ ಈ ವಿದ್ಯೆ ಬಂದದ್ದು ಬರ್ಮಾದ ಮೂಲಕ. ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ 1856ರಲ್ಲಿ ಪೆಗು ಪ್ರಾಂತದ ತೇಗದ ಕಾಡುಗಳ ಹೊಣೆ ಹೊತ್ತರು. ಮುಂದೆ 1864ರಲ್ಲಿ ಅವರೇ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಬಿದಿರು ಹೆಣೆದುಕೊಂಡ ಕಾಡಿನಲ್ಲಿ ನಡೆದು ಮರ ಎಣಿಸುವುದು ಆಗದ ಮಾತು. ಬ್ರಾಂಡಿಸ್ ಆನೆಯೇರಿ ಹೊರಟರು. ಎಡಗೈಯಲ್ಲಿ ನಾಲ್ಕು ಕೋಲು, ಬಲಗೈಯಲ್ಲಿ ಚಾಕು. ಮರದ ಸುತ್ತಳತೆಗೆ ತಕ್ಕಂತೆ ನಾಲ್ಕು ದರ್ಜೆ. ಯಾವ ದರ್ಜೆಯ ತೇಗ ಕಂಡಿತೋ ಆ ಕೋಲಿನ ಮೇಲೆ ಒಂದು ಕಚ್ಚು. ಸಂಜೆ ಬಿಡಾರಕ್ಕೆ ಬಂದು ಕಚ್ಚುಗಳನ್ನು ಎಣಿಸಿದರೆ ಆ ದಿನದ ಕಾಡಿನ ಗಣತಿ ಸಿದ್ಧ.

ಎರಡನೆಯ ಪ್ರಶ್ನೆಗೆ, ಅಂದರೆ ಸಾಗಣೆಗೆ, ಆಗ ನದಿಯೇ ಉತ್ತರ. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಅದಕ್ಕೆ ಬುಡದ ಸುತ್ತ ಉಂಗುರದಂತೆ ಕೆತ್ತಿ, ಮರವನ್ನು ನಿಂತಲ್ಲೇ ಒಣಗಿಸಿ, ಕೆಲವು ವರ್ಷಗಳ ನಂತರ ಕಡಿದು, ಆನೆಗಳಿಂದ ಎಳೆಸಿ ಹಳ್ಳಕ್ಕೆ ತರುತ್ತಿದ್ದರು. ಮಳೆಗಾಲದ ನೆರೆ ದಿಮ್ಮಿಗಳನ್ನು ಕೆಳಕ್ಕೆ ಒಯ್ಯುತ್ತಿತ್ತು. ಮರ ಎಲ್ಲಿ ಕಡಿಯಬೇಕೆಂಬುದನ್ನು ಹೀಗೆ ಹೊಳೆಯೇ ತೀರ್ಮಾನಿಸುತ್ತಿತ್ತು. ಹೊಳೆಗೆ ದೂರವಾದ ಕಾಡು ತಾನಾಗಿ ಉಳಿಯುತ್ತಿತ್ತು.

ಪ್ಲೈವುಡ್‌ನಿಂದ ಹುಟ್ಟಿದ ಗಣಿತ

ರೈಲು ಬಂತು, ಲಾರಿ ಬಂತು, ಬುಲ್‌ಡೋಜರ್ ಬಂತು. ಹೊಳೆ ವಿಧಿಸಿದ್ದ ಗಡಿ ಅಳಿಸಿಹೋಯಿತು. ಯಾವ ಗುಡ್ಡಕ್ಕೂ ರಸ್ತೆ ಹಾಕಬಹುದು ಎಂದಾದಾಗ ಆಯ್ಕೆಗಳು ಲೆಕ್ಕ ತಪ್ಪುವಷ್ಟು ಹೆಚ್ಚಿದವು. ಅವುಗಳಲ್ಲಿ ಉತ್ತಮವಾದದ್ದನ್ನು ಆರಿಸಲು ಹೊಸ ಗಣಿತ ಬೇಕಾಯಿತು.

ಆ ಗಣಿತದ ಹುಟ್ಟಿಗೂ ಮರಕ್ಕೂ ನಂಟಿರುವುದು ಕುತೂಹಲದ ಸಂಗತಿ. ಲೆನಿನ್‌ಗ್ರಾಡ್‌ನ ಗಣಿತಜ್ಞ ಲಿಯೊನಿಡ್ ಕಂಟೊರೊವಿಚ್ ಬಳಿಗೆ ಪ್ಲೈವುಡ್ ಉದ್ಯಮದವರು ಒಂದು ಸಮಸ್ಯೆ ತಂದರು. ಮರವನ್ನು ಹಾಳೆಯಾಗಿ ಸುಲಿಯುವ ಯಂತ್ರಗಳು ಹಲವು ಬಗೆ, ಮರಗಳೂ ಹಲವು ಬಗೆ. ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹೆಚ್ಚು ಉತ್ಪನ್ನ? ಇದನ್ನು ಬಿಡಿಸುತ್ತ ಅವರು 1939ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿನ ಲೀನಿಯರ್ ಪ್ರೋಗ್ರಾಮಿಂಗ್‌ನ ಮೊದಲ ರೂಪ. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ಸ್ವತಂತ್ರವಾಗಿ ಸಿಂಪ್ಲೆಕ್ಸ್ ಎಂಬ ವಿಧಾನ ಕಂಡುಹಿಡಿದರು. ಕಂಟೊರೊವಿಚ್‌ಗೆ 1975ರಲ್ಲಿ, ಹಡಗು ಸಾಗಣೆಯ ಲೆಕ್ಕಗಳ ಮೂಲಕ ಇದೇ ಹಾದಿಗೆ ಬಂದಿದ್ದ ಕೂಪ್‌ಮನ್ಸ್ ಜೊತೆಯಲ್ಲಿ, ಅರ್ಥಶಾಸ್ತ್ರದ ನೊಬೆಲ್ ಬಂತು.

ವಿಧಾನದ ತಿರುಳು ಕಷ್ಟದ್ದೇನಲ್ಲ. ರೈತನೊಬ್ಬನ ಬಳಿ ಐದು ಎಕರೆ ಇದೆ, ಇಂತಿಷ್ಟು ನೀರಿದೆ, ಇಂತಿಷ್ಟು ಆಳುಗಳಿದ್ದಾರೆ. ಭತ್ತ ಎಷ್ಟು, ಕಬ್ಬು ಎಷ್ಟು ಹಾಕಿದರೆ ಹೆಚ್ಚು ಲಾಭ? ಇರುವ ಮಿತಿಗಳನ್ನು ಒಂದೊಂದು ಸಾಲಾಗಿ ಬರೆದು, ಲಾಭವನ್ನು ಇನ್ನೊಂದು ಸಾಲಾಗಿ ಬರೆದರೆ ಯಂತ್ರ ಉತ್ತಮ ಪಾಲನ್ನು ಹುಡುಕಿಕೊಡುತ್ತದೆ. ಭತ್ತ, ಕಬ್ಬಿನ ಜಾಗದಲ್ಲಿ ಇಪ್ಪತ್ತು ವರ್ಷದ ಮರ, ಎಂಬತ್ತು ವರ್ಷದ ಮರ ಎಂದು ಹಾಕಿ. ಹಂಗಾಮಿನ ಜಾಗದಲ್ಲಿ ದಶಕಗಳನ್ನು ಹಾಕಿ. ಅದೇ ಅರಣ್ಯ ಯೋಜನೆ.

ದಾರಿ ಹುಡುಕುವ ಗಣಿತ ಬಂದದ್ದು ಹಾಲೆಂಡಿನಿಂದ. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರ, ಊರಿಂದ ಊರಿಗೆ ಅತಿ ಹತ್ತಿರದ ದಾರಿ ಕಂಡುಹಿಡಿಯುವ ಕ್ರಮವನ್ನು ಸುಮಾರು ಇಪ್ಪತ್ತು ನಿಮಿಷದಲ್ಲಿ ರೂಪಿಸಿದರು. ಅದು ಪ್ರಕಟವಾದದ್ದು 1959ರಲ್ಲಿ. ಹೊರಟ ಜಾಗದಿಂದ ಅಕ್ಕಪಕ್ಕದ ಕೂಡುದಾರಿಗಳಿಗೆ ದೂರ ಗುರುತಿಸುತ್ತ, ಸದಾ ಹತ್ತಿರವಾದದ್ದನ್ನೇ ಮೊದಲು ಮುಂದುವರಿಸುತ್ತ ಹೋಗುವುದು ಅದರ ಕ್ರಮ. ದೂರದ ಬದಲು ಡೀಸೆಲ್ ಖರ್ಚು ಇಟ್ಟರೆ ಅಗ್ಗದ ದಾರಿ ಸಿಗುತ್ತದೆ. ದಿಮ್ಮಿ ಸಾಗಣೆಯ ತಂತ್ರಾಂಶಗಳ ಬೇರಿನಲ್ಲಿರುವುದು ಇಂಥ ವಿಧಾನಗಳೇ.

ಕಾನೂನು ಬೇಡಿದ ಯಂತ್ರ

ಅಮೆರಿಕದ ಅರಣ್ಯ ಇಲಾಖೆಗೆ ಈ ಗಣಿತ ಕಾಲಿಟ್ಟದ್ದು 1971ರಲ್ಲಿ. ಡೇನಿಯಲ್ ನವೋನ್ ಎಂಬ ಸಂಶೋಧಕ ರೂಪಿಸಿದ ‘ಟಿಂಬರ್ ರ್‍ಯಾಮ್’ ಎಂಬ ಪ್ರೋಗ್ರಾಮು, ದಶಕದಿಂದ ದಶಕಕ್ಕೆ ಎಷ್ಟು ಮರ ಕಡಿಯಬಹುದೆಂದು ಹೇಳುತ್ತಿತ್ತು. ಅದರ ಲೋಕದಲ್ಲಿ ಕಾಡೆಂದರೆ ನಾಟಾ ಮಾತ್ರ.

ಅದೇ ಹೊತ್ತಿಗೆ ಅಲ್ಲಿನ ಜನ ಗುಡ್ಡ ಗುಡ್ಡವನ್ನೇ ಬೋಳಿಸುವ ಪದ್ಧತಿಯ ವಿರುದ್ಧ ಎದ್ದಿದ್ದರು. ವೆಸ್ಟ್ ವರ್ಜೀನಿಯಾದ ಮನಾಂಗಹೀಲ ಅರಣ್ಯದ ಮೊಕದ್ದಮೆಯಲ್ಲಿ ನ್ಯಾಯಾಲಯ 1973ರಲ್ಲಿ, ಮೇಲ್ಮನವಿಯಲ್ಲಿ ಮತ್ತೆ 1975ರಲ್ಲಿ, ಇಲಾಖೆಯ ವಿರುದ್ಧ ತೀರ್ಪು ಕೊಟ್ಟಿತು. ಗುರುತು ಹಾಕಿದ ಬಲಿತ ಮರಗಳನ್ನಷ್ಟೇ ಕಡಿಯಬೇಕೆಂದು 1897ರ ಕಾಯ್ದೆ ಹೇಳುತ್ತದೆ, ಅದನ್ನು ಪಾಲಿಸಿ ಎಂದಿತು. ಇಕ್ಕಟ್ಟಿಗೆ ಸಿಕ್ಕ ಸರ್ಕಾರ 1976ರಲ್ಲಿ ಹೊಸ ಕಾಯ್ದೆ ತಂದಿತು. ಪ್ರತಿ ರಾಷ್ಟ್ರೀಯ ಅರಣ್ಯಕ್ಕೂ ಯೋಜನೆ ಬೇಕು; ಮರದ ಜೊತೆಗೆ ನೀರು, ವನ್ಯಜೀವಿ, ವಿಹಾರ ಎಲ್ಲವನ್ನೂ ತೂಗಿ ನೋಡಬೇಕು ಎಂದು ಅದು ವಿಧಿಸಿತು.

ಇಷ್ಟು ದೊಡ್ಡ ಲೆಕ್ಕ ಮಾಡುವವರು ಯಾರು? 1979ರ ಕೊನೆಯಲ್ಲಿ ಇಲಾಖೆ ‘ಫೋರ್‌ಪ್ಲಾನ್’ ಎಂಬ ತಂತ್ರಾಂಶವನ್ನು ಎಲ್ಲ ಅರಣ್ಯಗಳಿಗೂ ಕಡ್ಡಾಯ ಮಾಡಿತು. ಅದರ ಕರ್ತೃ ಕೆ. ನಾರ್ಮನ್ ಜಾನ್ಸನ್ ಎಂಬ ಅರಣ್ಯ ಅರ್ಥಶಾಸ್ತ್ರಜ್ಞ. ಊರೂರುಗಳ ಅರಣ್ಯ ಕಚೇರಿಗಳಲ್ಲಿ ತಯಾರಾದ ಕೋಷ್ಟಕಗಳು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿದ್ದ ಇಲಾಖೆಯ ದೊಡ್ಡ ಗಣಕಯಂತ್ರಕ್ಕೆ ಹೋಗುತ್ತಿದ್ದವು. ಸಾವಿರಾರು ಸಾಲುಗಳ ಸಮೀಕರಣ ಬಿಡಿಸಿ ಅದು ಉತ್ತರ ಕಳಿಸುತ್ತಿತ್ತು. ಹೊರಗಿನವರಿಗಿರಲಿ, ಇಲಾಖೆಯ ಅನೇಕ ರೇಂಜರ್‌ಗಳಿಗೂ ಆ ಹಾಳೆಗಳು ಅರ್ಥವಾಗುತ್ತಿರಲಿಲ್ಲ.

ಶೇಕಡಾ ನಲವತ್ತು ರಸ್ತೆ

ಸಮಸ್ಯೆ ಎದ್ದದ್ದು ರಸ್ತೆಯಲ್ಲಿ. ಲೀನಿಯರ್ ಪ್ರೋಗ್ರಾಮಿಂಗ್ ಎಲ್ಲವನ್ನೂ ಭತ್ತ, ಕಬ್ಬಿನಂತೆ ಪಾಲು ಮಾಡಬಹುದೆಂದು ಭಾವಿಸುತ್ತದೆ. ಗುಡ್ಡದ ಹಿಂದಿನ ಕಾಡಿಗೆ ಹತ್ತು ಲಕ್ಷದ ರಸ್ತೆ ಬೇಕು ಎಂದಿಟ್ಟುಕೊಳ್ಳಿ. ಅಲ್ಲಿನ ಮರದಲ್ಲಿ ನಲವತ್ತು ಪಾಲು ಮಾತ್ರ ಈ ದಶಕಕ್ಕೆ ಬೇಕೆಂದಾದರೆ, ಯಂತ್ರ ಶೇಕಡಾ 40ರಷ್ಟು ರಸ್ತೆ ಹಾಕಿ ಎನ್ನುತ್ತದೆ. ನಾಲ್ಕು ಲಕ್ಷ ಖರ್ಚು ಬರೆಯುತ್ತದೆ. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಗುಡ್ಡದ ನಡುವೆ ನಿಂತುಹೋದ ರಸ್ತೆಯಿಂದ ಒಂದು ದಿಮ್ಮಿಯೂ ಇಳಿಯದು. ರಸ್ತೆ ಹಾಕಿದರೆ ಪೂರ್ತಿ ಹಾಕಬೇಕು, ಇಲ್ಲವಾದರೆ ಬಿಡಬೇಕು.

ಹೌದು ಅಥವಾ ಇಲ್ಲ ಎಂಬ ಇಂಥ ಆಯ್ಕೆಗಳು ಗಣಿತಕ್ಕೆ ಬಹಳ ಭಾರ. ಮೂವತ್ತು ರಸ್ತೆ ತುಂಡುಗಳಿದ್ದರೆ ಹಾಕು, ಬಿಡು ಎಂಬ ಜೋಡಣೆಗಳು 107 ಕೋಟಿಗೂ ಮಿಕ್ಕುತ್ತವೆ. ಪೂರ್ಣಾಂಕಗಳಲ್ಲಿ ಉತ್ತರ ಹುಡುಕುವ ಬೇರೆ ವಿಧಾನಗಳು ಇದ್ದವು. ಅಂದಿನ ಯಂತ್ರಗಳಿಗೆ ದೊಡ್ಡ ಅರಣ್ಯದ ಮಟ್ಟದಲ್ಲಿ ಅವು ಎಟುಕುತ್ತಿರಲಿಲ್ಲ. ಇನ್ನೊಂದು ತೊಡಕೂ ಇತ್ತು. ಫೋರ್‌ಪ್ಲಾನ್‌ನ ಬಹುಪಾಲು ಲೆಕ್ಕಗಳಲ್ಲಿ ಒಂದೇ ಬಗೆಯ ಕಾಡನ್ನು, ಅದು ಎಲ್ಲೆಲ್ಲಿ ಚದುರಿದ್ದರೂ, ಒಂದೇ ರಾಶಿಗೆ ಸೇರಿಸುತ್ತಿದ್ದರು. ಎಷ್ಟು ಎಕರೆ ಕಡಿಯಬೇಕೆಂದು ಉತ್ತರ ಬರುತ್ತಿತ್ತು. ಆ ಎಕರೆಗಳು ಯಾವ ಹಳ್ಳದ ಪಕ್ಕ, ಯಾವ ಗೂಡಿನ ಕೆಳಗೆ ಎಂಬುದು ಬರುತ್ತಿರಲಿಲ್ಲ. ಯೋಜನೆಯನ್ನು ನೆಲಕ್ಕಿಳಿಸಲು ಹೋದ ರೇಂಜರ್‌ಗೆ ಅದರ ಎಕರೆಗಳನ್ನು ಕಾಡಿನಲ್ಲಿ ಹೊಂದಿಸುವುದೇ ತಲೆನೋವಾಗುತ್ತಿತ್ತು.

ರಸ್ತೆಗೆ ಇರುವ ಮತ್ತೊಂದು ಗುಣ ಇನ್ನೂ ಮುಖ್ಯ. ಮರ ಕಡಿದರೆ ಮತ್ತೆ ಬೆಳೆದೀತು; ಗುಡ್ಡ ಕೊರೆದು ಹಾಕಿದ ರಸ್ತೆ ಮರಳಿ ಗುಡ್ಡವಾಗದು. ಒಮ್ಮೆ ರಸ್ತೆ ಬಿತ್ತೆಂದರೆ ಮುಂದಿನ ಲೆಕ್ಕದಲ್ಲಿ ಅದರ ಖರ್ಚು ಸೊನ್ನೆ. ಹಿಂದೆ ದುಬಾರಿಯೆಂದು ಬಿಟ್ಟಿದ್ದ ಮರ ಈಗ ಅಗ್ಗವಾಗಿ ಕಾಣುತ್ತದೆ. ಹೀಗೆ ಒಂದು ಯೋಜನೆಯ ರಸ್ತೆ ಮುಂದಿನ ಯೋಜನೆಯ ಕಡಿತಕ್ಕೆ ಬಾಗಿಲು ತೆರೆಯುತ್ತದೆ. ಅಮೆರಿಕದಲ್ಲಿ ಮರ ಕೊಂಡ ಗುತ್ತಿಗೆದಾರನೇ ರಸ್ತೆ ಹಾಕಿ, ಅದರ ವೆಚ್ಚವನ್ನು ಮರದ ಬೆಲೆಯಲ್ಲಿ ವಜಾ ಮಾಡಿಕೊಳ್ಳುವ ಪದ್ಧತಿಯೂ 1998ರವರೆಗೆ ಇತ್ತು. ಪರಿಣಾಮವಾಗಿ ಅಲ್ಲಿನ ರಾಷ್ಟ್ರೀಯ ಅರಣ್ಯಗಳ ಒಳಗಿನ ರಸ್ತೆಗಳ ಉದ್ದ ಸುಮಾರು 6 ಲಕ್ಷ ಕಿಲೋಮೀಟರ್ ಮುಟ್ಟಿತು. ಆ ದೇಶದ ಪ್ರಸಿದ್ಧ ಅಂತರರಾಜ್ಯ ಹೆದ್ದಾರಿಗಳ ಒಟ್ಟು ಉದ್ದದ ಏಳೆಂಟು ಪಟ್ಟು ಇದು.

ಕಡಿದಾದ ಇಳಿಜಾರಿನಲ್ಲಿ ಹಾಕಿದ ರಸ್ತೆ ಮಳೆಗೆ ಜರಿಯುತ್ತದೆ. ಮೊದಲು ಮಡ್ಡಿ ನೀರು, ಆಮೇಲೆ ಇಡೀ ಗುಡ್ಡದ ಮಗ್ಗುಲು. ಓರೆಗಾನ್‌ನ ಎಚ್.ಜೆ. ಆಂಡ್ರ್ಯೂಸ್ ಪ್ರಾಯೋಗಿಕ ಅರಣ್ಯದಲ್ಲಿ ನಡೆದ ಅಧ್ಯಯನಗಳು, ಮುಟ್ಟದ ಕಾಡಿಗಿಂತ ರಸ್ತೆ ಹಾದ ಕಡೆ ಭೂಕುಸಿತ ಬಹಳ ಹೆಚ್ಚೆಂದು ತೋರಿಸಿದವು. ಆ ಮಣ್ಣು ಹೋಗಿ ಕೂರುವುದು ಸಾಲ್ಮನ್ ಮೀನು ಮೊಟ್ಟೆಯಿಡುವ ಹಳ್ಳದ ಜಲ್ಲಿಯ ಮೇಲೆ. ಸಾಗಣೆಯ ಖರ್ಚಿನ ಸಾಲಿನಲ್ಲಿ ಮೀನಿಗೆ ಜಾಗವಿರಲಿಲ್ಲ.

ಗೂಬೆಯ ಪ್ರವೇಶ

1980ರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಅರಣ್ಯಗಳಿಂದ ವರ್ಷಕ್ಕೆ ಸುಮಾರು 1,200 ಕೋಟಿ ಬೋರ್ಡ್ ಫೂಟ್ ಮರ ಹೊರಬರುತ್ತಿತ್ತು. ಒಂದಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆ ಒಂದು ಬೋರ್ಡ್ ಫೂಟ್. ಇದರಲ್ಲಿ ದೊಡ್ಡ ಪಾಲು ಓರೆಗಾನ್, ವಾಷಿಂಗ್ಟನ್ ರಾಜ್ಯಗಳ ಶತಮಾನಗಳ ಹಳೆಯ ಕಾಡಿನದು. ಆ ಕಾಡಿನಲ್ಲಿ ಚುಕ್ಕೆಗೂಬೆಯೊಂದು ವಾಸಿಸುತ್ತದೆ. ಮುದಿ ಮರಗಳ ಪೊಟರೆ ಬೇಕು ಅದಕ್ಕೆ. ಸಾವಿರಾರು ಎಕರೆ ಕಾಡು ಬೇಕು, ಅದೂ ಚೂರು ಚೂರಾಗಿ ಚದುರಿರದ ಕಾಡು. ಒಟ್ಟು ಎಕರೆಗಳ ಲೆಕ್ಕ ಮಾತ್ರ ಬಲ್ಲ ಯಂತ್ರಕ್ಕೆ ಗೂಬೆಯ ಈ ಬೇಡಿಕೆಯನ್ನು ಹೇಳುವ ಸುಲಭ ಮಾರ್ಗವೇ ಇರಲಿಲ್ಲ.

1990ರಲ್ಲಿ ಗೂಬೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 1991ರಲ್ಲಿ ನ್ಯಾಯಾಧೀಶ ವಿಲಿಯಂ ಡ್ವಾಯರ್, ಇಲಾಖೆ 1976ರ ಕಾಯ್ದೆಯನ್ನು ಪಾಲಿಸಿಲ್ಲವೆಂದು ಹೇಳಿ, ಗೂಬೆಯ ನೆಲೆಗಳಲ್ಲಿ ಮರದ ಹರಾಜಿಗೆ ತಡೆ ಕೊಟ್ಟರು. ಸಾಮಿಲ್ಲುಗಳು ಮುಚ್ಚಿದವು, ಊರುಗಳಲ್ಲಿ ಕೆಲಸ ಹೋಯಿತು. ಇದರ ನೋವು ಸಣ್ಣದಲ್ಲ. ತಲೆಮಾರುಗಳಿಂದ ಕೊಡಲಿ, ಗರಗಸ ನಂಬಿ ಬದುಕಿದ್ದ ಕುಟುಂಬಗಳಿಗೆ ಕಡಿತದ ಪ್ರಮಾಣ ಇಲಾಖೆಯೇ ಕೊಟ್ಟ ಮಾತಿನಂತಿತ್ತು. ಆ ಮಾತು ನಡೆಸಲಾಗದ್ದೆಂದು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಅದೇ ವರ್ಷ ಅಮೆರಿಕದ ಸಂಸತ್ತು ನಾಲ್ವರು ವಿಜ್ಞಾನಿಗಳನ್ನು ಕರೆಸಿ, ಹಳೆಯ ಕಾಡು, ಗೂಬೆ, ಮೀನು ಉಳಿಯಬೇಕಾದರೆ ಎಷ್ಟು ಮರ ಕಡಿಯಬಹುದೆಂದು ಕೇಳಿತು. ಆ ನಾಲ್ವರಲ್ಲಿ ಒಬ್ಬರು ಫೋರ್‌ಪ್ಲಾನ್ ರೂಪಿಸಿದ ಜಾನ್ಸನ್ ಅವರೇ. ಈ ಬಾರಿ ಕೆಲಸ ನಕ್ಷೆಯಿಂದ ಆರಂಭವಾಯಿತು. ಎಲ್ಲಿ ಹಳೆಯ ಕಾಡಿದೆ, ಎಲ್ಲಿ ಮೀನಿನ ಹಳ್ಳವಿದೆ ಎಂದು ಮೊದಲು ಗೆರೆ ಎಳೆದು, ಉಳಿದದ್ದರಲ್ಲಿ ಮರದ ಲೆಕ್ಕ ಹಾಕಲಾಯಿತು. ಪ್ರಶ್ನೆಯ ಕ್ರಮ ತಿರುಗಿತು, ಉತ್ತರವೂ ತಿರುಗಿತು. 1994ರಲ್ಲಿ ಜಾರಿಗೆ ಬಂದ ವಾಯವ್ಯ ಅರಣ್ಯ ಯೋಜನೆ ಇದೇ ಹಾದಿ ಹಿಡಿಯಿತು. 2000ದ ಹೊತ್ತಿಗೆ ದೇಶದ ರಾಷ್ಟ್ರೀಯ ಅರಣ್ಯಗಳ ಒಟ್ಟು ಕಡಿತ ಹಿಂದಿನ ಕಾಲು ಭಾಗಕ್ಕಿಂತ ಕೆಳಗಿಳಿದಿತ್ತು. 2001ರ ಜನವರಿಯಲ್ಲಿ, ಇನ್ನೂ ರಸ್ತೆ ಕಾಣದ 5.85 ಕೋಟಿ ಎಕರೆಯಲ್ಲಿ ಹೊಸ ರಸ್ತೆ ಹಾಕದಂತೆ ನಿಯಮ ಬಂತು. ಆ ನಿಯಮವನ್ನು ರದ್ದುಪಡಿಸುವ ಪ್ರಕ್ರಿಯೆಗೆ 2025ರಲ್ಲಿ ಅಲ್ಲಿನ ಸರ್ಕಾರ ಚಾಲನೆ ಕೊಟ್ಟಿತು. ರಸ್ತೆಯ ಜಗಳ ಮುಗಿದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲಾರಿಗಳ ಸರದಿ, ಚಾಲಕರ ಅನುಭವ

ಕಾಡಲ್ಲದ ನೆಡುತೋಪುಗಳಲ್ಲಿ ಈ ತಂತ್ರಾಂಶಗಳು ಬೇರೆಯೇ ಯಶಸ್ಸು ಕಂಡವು. ಚಿಲಿಯ ಪೈನ್ ತೋಪುಗಳಿಗಾಗಿ ಅಲ್ಲಿನ ವಿಶ್ವವಿದ್ಯಾಲಯದ ಆಂದ್ರೆಸ್ ವೈನ್‌ಟ್ರೌಬ್, ರಫಾಯೆಲ್ ಎಪ್‌ಸ್ಟೈನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಒಂದು ಸರಣಿಯನ್ನೇ ರೂಪಿಸಿದರು. ‘ಆಸಿಕಾಮ್’ ಎಂಬುದು ಲಾರಿಗಳ ದಿನಚರಿ ಬರೆಯುತ್ತದೆ. ಮುಂಚೆ ಬೆಳಿಗ್ಗೆ ಎಲ್ಲ ಲಾರಿಗಳೂ ಒಟ್ಟಿಗೆ ತುಂಬುವ ಜಾಗಕ್ಕೆ ಬಂದು ಸಾಲುಗಟ್ಟಿ ಕಾಯುತ್ತಿದ್ದವು. ಯಾವ ಲಾರಿ ಎಷ್ಟು ಗಂಟೆಗೆ ಎಲ್ಲಿರಬೇಕೆಂದು ಯಂತ್ರ ಹೇಳತೊಡಗಿದ ಮೇಲೆ, ಅದೇ ಮರವನ್ನು ಗಣನೀಯವಾಗಿ ಕಡಿಮೆ ಲಾರಿಗಳಲ್ಲಿ ಸಾಗಿಸಲು ಸಾಧ್ಯವಾಯಿತು. ‘ಪ್ಲಾನೆಕ್ಸ್’ ಎಂಬ ಇನ್ನೊಂದು, ನಕ್ಷೆಯ ಮೇಲೆ ಇಳಿಜಾರು ನೋಡಿ, ಎಲ್ಲಿ ಟ್ರ್ಯಾಕ್ಟರಿನಿಂದ ಎಳೆಯಬೇಕು, ಎಲ್ಲಿ ಉಕ್ಕಿನ ಹಗ್ಗ ಕಟ್ಟಿ ದಿಮ್ಮಿ ಇಳಿಸಬೇಕು, ರಸ್ತೆ ಎಲ್ಲಿ ಹಾಯಬೇಕು ಎಂದು ಸೂಚಿಸುತ್ತದೆ. 1998ರಲ್ಲಿ ಈ ಕೆಲಸಕ್ಕೆ ಕಾರ್ಯಾಚರಣೆ ಗಣಿತದ ದೊಡ್ಡ ಗೌರವವಾದ ಎಡೆಲ್‌ಮನ್ ಪ್ರಶಸ್ತಿ ಸಂದಿತು.

ಅದಕ್ಕೆ ಕೆಲವೇ ತಿಂಗಳ ಹಿಂದೆ, 1997ರ ಡಿಸೆಂಬರ್‌ನಲ್ಲಿ, ಚಿಲಿಯ ಲುಮಾಕೊ ಎಂಬಲ್ಲಿ ದಿಮ್ಮಿ ಸಾಗಿಸುತ್ತಿದ್ದ ಮೂರು ಲಾರಿಗಳಿಗೆ ಬೆಂಕಿ ಬಿದ್ದಿತ್ತು. ಪೈನ್ ತೋಪುಗಳಿರುವ ನೆಲ ತಮ್ಮದೆನ್ನುವ ಮಾಪುಚೆ ಮೂಲನಿವಾಸಿಗಳ ಹೋರಾಟ ಅಲ್ಲಿಂದ ಹೊಸ ತಿರುವು ಪಡೆಯಿತು. ಲಾರಿ ಎಷ್ಟು ಗಂಟೆಗೆ ಹೊರಡಬೇಕೆಂದು ಯಂತ್ರಕ್ಕೆ ಗೊತ್ತಿತ್ತು. ಲಾರಿ ಓಡುವ ನೆಲ ಯಾರದೆಂಬ ಪ್ರಶ್ನೆಯನ್ನು ಅದರ ಮುಂದೆ ಯಾರೂ ಇಟ್ಟಿರಲಿಲ್ಲ.

ಸ್ವೀಡನ್ನಿನ ಉದಾಹರಣೆ ಮತ್ತೊಂದು ದಿಕ್ಕಿನದು. ಅಲ್ಲಿ ಲಾರಿ ಮಾಲೀಕರಿಗೆ ದೂರದ ಮೇಲೆ ಬಾಡಿಗೆ. ಕಾಡಿನಿಂದ ಕಾರ್ಖಾನೆಗೆ ಎಷ್ಟು ಕಿಲೋಮೀಟರ್ ಎಂಬುದೇ ಸದಾ ತಕರಾರು. ಅತಿ ಹತ್ತಿರದ ದಾರಿ ಎಂದು ಯಂತ್ರ ತೋರಿಸಿದ್ದು ಕಿರಿದಾದ, ತಿರುವಿನ ಮಣ್ಣಿನ ಹಾದಿಯಾಗಿರುತ್ತಿತ್ತು. ಅರುವತ್ತು ಟನ್ನಿನ ಲಾರಿ ಹಾಗೆ ಹೋಗುವುದಿಲ್ಲ. ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆ ‘ಸ್ಕೂಗ್‌ಫೋರ್ಸ್ಕ್’ ಒಂದು ಉಪಾಯ ಮಾಡಿತು. ಸಾಗಣೆಗಾರರೂ ಕಂಪನಿಗಳೂ ಸೇರಿ ಇದೇ ಸರಿಯಾದ ದಾರಿ ಎಂದು ಒಪ್ಪಿದ ನೂರಾರು ಮಾರ್ಗಗಳನ್ನು ಸಂಗ್ರಹಿಸಿ, ಅವೇ ಉತ್ತಮವೆಂದು ಬರುವಂತೆ ತಿರುವು, ಏರು, ರಸ್ತೆಯ ಗುಣಮಟ್ಟಗಳಿಗೆ ತೂಕ ಕೊಟ್ಟಿತು. ಚಾಲಕನ ಅನುಭವ ಹೀಗೆ ಕೋಷ್ಟಕದೊಳಗೆ ಬಂತು. ತಕರಾರು ತಗ್ಗಿತು.

ಬಿದಿರು ಮೆಳೆಯ ಮುಳ್ಳು

ಅನುಭವವನ್ನು ಕೋಷ್ಟಕದ ಹೊರಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಉತ್ತರ ಕನ್ನಡದಲ್ಲೇ ಒಂದು ಪಾಠವಿದೆ. ಅದರಲ್ಲಿ ಕಂಪ್ಯೂಟರ್ ಇಲ್ಲ. ಬ್ರಾಂಡಿಸ್ ಕಾಲದಿಂದ ಬಂದ ವರ್ಕಿಂಗ್ ಪ್ಲಾನ್ ಇದೆ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದಾಗ ಜಿಲ್ಲೆಯ ಬಿದಿರು ಎಂದಿಗೂ ಮುಗಿಯದೆಂಬ ಭಾವನೆಯಿತ್ತು. ಎರಡು ದಶಕ ತುಂಬುವ ಮೊದಲೇ ಕೊರತೆ ಕಾಣಿಸಿತು. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸಿಗದೆ ಮೊರೆಯಿಟ್ಟರು. 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅಧ್ಯಯನಕ್ಕೆ ಹೊರಟರು.

ಯೋಜನೆಯಲ್ಲಿ ಒಂದು ಸೂಚನೆಯಿತ್ತು. ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಕೊಂಬೆಗಳನ್ನು ಸವರಿ ತೆಗೆಯಬೇಕು; ಆಗ ಗಳಗಳು ಇಕ್ಕಟ್ಟಿಲ್ಲದೆ ಬೆಳೆಯುತ್ತವೆ, ಕಡಿಯಲೂ ಸಲೀಸು. ಓದಲು ಇದು ಸರಿಯಾಗಿಯೇ ಇದೆ. ಆದರೆ ಹಳ್ಳಿಯವರು ಬೇರೆ ಮಾತು ಹೇಳಿದರು. ಆ ಮುಳ್ಳೇ ಕಳಲೆಗೆ ಬೇಲಿ; ಅದನ್ನು ತೆಗೆದರೆ ಎಳೆಯ ಕಳಲೆ ದನಗಳ, ಕಾಡುಪ್ರಾಣಿಗಳ ಪಾಲು. ಗಾಡ್ಗೀಳರ ತಂಡ ಮೆಳೆಗಳನ್ನು ಗಮನಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಇಳುವರಿ ಹೆಚ್ಚಿಸಲೆಂದು ಬರೆದ ಸೂಚನೆಯೇ ಇಳುವರಿಯನ್ನು ತಿನ್ನುತ್ತಿತ್ತು.

ಭಾರತದಲ್ಲೂ ಈಗ ಅರಣ್ಯ ಯೋಜನೆಗಳು ಉಪಗ್ರಹ ಚಿತ್ರ ಮತ್ತು ಗಣಕ ನಕ್ಷೆಗಳ ಮೇಲೆ ತಯಾರಾಗುತ್ತವೆ. 2014ರ ಮತ್ತು 2023ರ ರಾಷ್ಟ್ರೀಯ ವರ್ಕಿಂಗ್ ಪ್ಲಾನ್ ಸಂಹಿತೆಗಳು ಅದನ್ನೇ ಬಯಸುತ್ತವೆ. ಅದು ಸರಿಯಾದ ದಾರಿಯೇ. ಆನೆಯ ಮೇಲೆ ಕುಳಿತು ಕಚ್ಚು ಹಾಕುವ ಕಾಲಕ್ಕೆ ಯಾರೂ ಮರಳಬೇಕಿಲ್ಲ. ಆದರೆ ಅಮೆರಿಕದ ನಾಲ್ಕು ದಶಕಗಳ ಅನುಭವ ಒಂದು ಎಚ್ಚರ ಹೇಳುತ್ತದೆ. ಯಂತ್ರದ ಉತ್ತರವನ್ನು ಪ್ರಶ್ನಿಸುವ ಹಕ್ಕು ಊರಿನವರಿಗೆ ಸಿಗುವುದು ಸಾಮಾನ್ಯವಾಗಿ ಯೋಜನೆ ಸಿದ್ಧವಾದ ಮೇಲೆ. ಅಷ್ಟರಲ್ಲಿ ಕೋಷ್ಟಕದ ಸಾಲುಗಳು ತೀರ್ಮಾನವಾಗಿರುತ್ತವೆ. ಹಳ್ಳದ ಮೀನು, ಮೆಳೆಯ ಮುಳ್ಳು, ನೆಲದ ಹಕ್ಕು ಇವು ಲೆಕ್ಕಕ್ಕೆ ಬರಬೇಕಾದರೆ ಆ ಸಾಲುಗಳನ್ನು ಬರೆಯುವ ದಿನವೇ ಅವನ್ನು ಬಲ್ಲವರು ಅಲ್ಲಿರಬೇಕು. ರಸ್ತೆ ಬಿದ್ದ ಮೇಲೆ ಆಡುವ ಮಾತಿಗೆ ಗುಡ್ಡವನ್ನು ಮರಳಿ ಕೂಡಿಸುವ ಶಕ್ತಿಯಿಲ್ಲ.